ಕಾಣದ ಸೂಜಿ

ಶಾವೋಶಿಂಗ್‌ನ ಕಾಲುವೆ ಬೀದಿಯಲ್ಲಿ ರುವಾನ್ ಗೆಂಗ್‌ಫಾ ಉಪ್ಪು ಹಾಕಿ ಹುಳಿಯಿಸಿದ ಸೊಪ್ಪು ಮಾರುತ್ತಿದ್ದ. ಪ್ರತಿ ಭರಣಿಯನ್ನೂ ರುಚಿ ನೋಡಿಯೇ ಮಾರುವುದು ಅವನ ಪದ್ಧತಿ. ನೋಡಿ ನೋಡಿ ಬಿಪಿ ಏರಿತು. ಆಸ್ಪತ್ರೆಯವರು, "ಮಾತ್ರೆ ಬಿಡಬೇಡಿ, ಜೊತೆಗೆ ಮೆಯ್ ಡಾಕ್ಟರಮ್ಮನ ಹತ್ರ ಅಕ್ಯುಪಂಕ್ಚರ್ ಸೂಜಿ ಹಾಕಿಸ್ಕೊಂಡು ನೋಡಿ" ಅಂದರು.

ಹೆಂಡತಿ ಯೂಲಾನ್ ಗುಂಡಿ ಹೊಲಿಯಲು ಕೂತರೂ ಅಂಗಿ ಕೊಟ್ಟು ಆಚೆ ಕೋಣೆಗೆ ಓಡುವ ಆಸಾಮಿ ರುವಾನ್. ಅವತ್ತು ಯೂಲಾನ್ ಅವನನ್ನು ಚಿಕಿತ್ಸಾಲಯದ ಮಂಚದ ಮೇಲೆ ಮಲಗಿಸಿದ ಮೇಲೇ ಅಂಗಡಿಗೆ ಹೋದಳು.

"ಕೂದಲಿನಷ್ಟು ಸಣ್ಣದು ಇದು. ಕಣ್ಮುಚ್ಚಿ," ಎಂದರು ಡಾಕ್ಟರಮ್ಮ. ಮಣಿಕಟ್ಟಿಗೆ ಹಾಕಿದರು, ಮೊಣಕಾಲ ಕೆಳಗೆ ಹಾಕಿದರು, ಕೊನೆಗೆ ನಡುನೆತ್ತಿಗೆ. ನೋವೇ ಆಗಲಿಲ್ಲ. ರುವಾನನಿಗೆ ಅದೇ ಭಯ. ನೋಯದಿದ್ದರೆ ಸೂಜಿ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

ಡಾಕ್ಟರಮ್ಮ ಔಷಧಿ ಕಟ್ಟಲು ಆಚೆ ಹೋದರು. ಮಂಡಿನೋವಿಗೆ ಬಂದಿದ್ದ ಕ್ಷೌರದ ಅಂಗಡಿಯ ವೆಯ್ ಪರದೆ ಸರಿಸಿ ಇಣುಕಿದ.

"ಏನೋ ರುವಾನ್, ನೆತ್ತಿಗೂ ಹಾಕಿದ್ರಾ?"

"ಹ್ಞೂಂ, ವೆಯಣ್ಣ."

ವೆಯ್ ಬಗ್ಗಿ ನೋಡಿದ. "ಕಾಣಿಸ್ತಾನೇ ಇಲ್ವಲ್ಲೋ! ಒಳಗೇ ಹೋಯ್ತೇನೋ?"

ಮರುಕ್ಷಣ ರುವಾನ್ ಹೊರಗೆ ಕಾಲುವೆಯ ಸೇತುವೆಯ ಮೇಲಿದ್ದ. ಮೊಣಕಾಲ ಮೇಲೆ ಮಡಚಿದ ಪ್ಯಾಂಟು, ಬಟ್ಟೆ ಒಣಗಿಸುವ ಗಳುವಿನಂತೆ ಚಾಚಿದ ಕೈಗಳು.

"ಸೂಜಿ ತಲೆಯೊಳಗೆ ಹೋಗಿದೆ!"

"ಅಯ್ಯೋ, ಮುಟ್ಕೋಬೇಡ!" ಮೀನು ಮಾರುವ ಶೆನ್ ಕಿರುಚಿದಳು. "ಇನ್ನೂ ಕೆಳಗಿಳಿಯತ್ತೆ!"

"ಕೂತ್ಕೊಳ್ಲಾ?"

"ಕೂತ್ರೆ ಎದೆಗೇ ಬರತ್ತೆ!"

ಕುಂಟುತ್ತ ಬಂದ ವೆಯ್, "ತಲೆಕೆಳಗೆ ಹಿಡಿದು ಒದರಿದ್ರೆ ಬೀಳಬಹುದು," ಅಂದ.

ರುವಾನನ ಕಿವಿಯ ಹಿಂದೆ ಏನೋ ತಣ್ಣಗೆ ಇಳಿಯಿತು. ಬೆವರಿರಬಹುದು. ಅವನು ಎಲ್ಲರ ಕಡೆ ತಿರುಗಿದ. "ಯೂಲಾನ್‌ಗೆ ಹೇಳಿ... ಮೂಲೆ ಭರಣಿ ಇನ್ನೂ ಮಾಗಿಲ್ಲ, ತೆಗೀಬೇಡ ಅಂತ."

ಅಷ್ಟರಲ್ಲಿ ಡಾಕ್ಟರಮ್ಮ ಏದುಸಿರು ಬಿಡುತ್ತ ಬಂದು, ಅವನ ದಟ್ಟ ಕೂದಲಲ್ಲಿ ಬೆರಳಾಡಿಸಿ ಸೂಜಿ ಎಳೆದು ತೋರಿಸಿದರು. "ಇಲ್ಲೇ ಇತ್ತಲ್ಲ! ವೆಯಣ್ಣ, ಕನ್ನಡಕ ಹಾಕ್ಕೊಂಡು ನೋಡಬಾರದಾ?"

ಉಳಿದವನ್ನೂ ತೆಗೆದರು. ರುವಾನ್ ಅಲ್ಲೇ ಕೂತ. "ಸತ್ರೂ ಇನ್ನು ಆ ಮಂಚ ಹತ್ತಲ್ಲ!"

ಡಾಕ್ಟರಮ್ಮನ ಕಣ್ಣು ಶೆನ್‌ಳ ಕೆಂಪೇರಿದ ಮುಖದ ಮೇಲೆ ನಿಂತಿತು. ಅವಳನ್ನೂ ವೆಯ್‌ನನ್ನೂ ಚಿಕಿತ್ಸಾಲಯಕ್ಕೆ ಕರೆದೊಯ್ದು, ಸುಮ್ಮನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಪಿ ನೋಡಿದರು. ಶೆನ್‌ಳದು ರುವಾನನಿಗಿಂತ ಮೇಲೆ. ವೆಯ್‌ನದು ಶೆನ್‌ಗಿಂತ ಮೇಲೆ.

"ನಾಳೆ ಇಬ್ರೂ ಆಸ್ಪತ್ರೆಗೆ ಹೋಗಿ. ಮಾತ್ರೆ ಬೇಕಾಗತ್ತೆ. ಸೂಜಿನೂ ಹಾಕೋಣ."

"ಸೂಜಿನಾ? ನಮಗಾ?" ಬೀದಿ ಅದುರಿಸುತ್ತಿದ್ದ ಶೆನ್‌ಳ ದನಿ ಸೊಳ್ಳೆಯದಾಯಿತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ರುವಾನನ ತೋಳು ಹಿಡಿದುಕೊಂಡಳು. "ರುವಾನಣ್ಣ, ತಲೆಯಲ್ಲಿ ಸೂಜಿ ಇಟ್ಕೊಂಡು ಸೇತುವೆ ತನಕ ಓಡಿದೋನು ನೀನು. ನೀನು ಪಕ್ಕದಲ್ಲಿ ಮಲಗಿದ್ರೆ ನಾನೂ ಮಲಗ್ತೀನಿ."

"ನಾನೂನೂ," ಅಂದ ವೆಯ್.

ಸುದ್ದಿ ಕೇಳಿ ಓಡಿಬಂದಿದ್ದ ಯೂಲಾನ್ ಕಣ್ಣು ಮಿಟುಕಿಸದೆ ಹೇಳಿದಳು: "ಇವರಿಗೆಂಥ ಭಯ? ದಿನಾ ಬರ್ತಾರೆ. ಇವತ್ತಿನದೂ ಅರ್ಧಕ್ಕೇ ನಿಂತಿದೆಯಲ್ಲ, ಮುಗಿಸಿಬಿಡಿ!"

ರುವಾನ್ ಬಾಯಿ ತೆರೆದ. ಬಾಗಿಲ ತುಂಬ ಬೀದಿಯ ಜನ. ಹುಟ್ಟಿದಾಗಿನಿಂದ ಯಾರೂ ಅವನನ್ನು ಅಷ್ಟು ಗೌರವದಿಂದ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಹೋಗಿ ಮಂಚದ ಮೇಲೆ ಮಲಗಿದ.

ಡಾಕ್ಟರಮ್ಮ ಹೊಸ ಸೂಜಿ ಬಿಚ್ಚಿ ಅವನ ಕಿವಿಯ ಹತ್ತಿರ ಬಗ್ಗಿದರು.

"ನಗ್ತಾ ಇರಿ," ಪಿಸುಗುಟ್ಟಿದರು. "ಎಲ್ರೂ ನೋಡ್ತಿದಾರೆ."