ಅಳಿಯನ ಸುಳ್ಳು ಲಕ್ಷ

ಖರೇ ರೊಕ್ಕ ಗಳಿಸಿದವರ ಸೊಕ್ಕನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಾಳಿಕೊಳ್ಳಬಹುದು, ಅಂಥವರು ಮಗಳ ಮದುವೆಯಲ್ಲಿ ಊರಿಗೆಲ್ಲ ಹೊಟ್ಟೆ ತುಂಬ ಊಟವನ್ನಾದರೂ ಹಾಕುತ್ತಾರೆ. ಸುಳ್ಳು ರೊಕ್ಕ ಗಳಿಸಿದವನ ಸೊಕ್ಕಿನಿಂದ ಒಂದು ಕಪ್ಪು ಚಹಾ ಕೂಡ ಹುಟ್ಟುವುದಿಲ್ಲ. ಅಂಥವನೊಬ್ಬ ನನ್ನ ಪಾಲಿಗೆ ಬಂದಿದ್ದಾನೆ, ಅಳಿಯನಾಗಿ. ಹುಮನಾಬಾದಿನಲ್ಲಿ ಅವನದೊಂದು ಹಿಟ್ಟಿನ ಗಿರಣಿ, ಅದರ ಜೋಡಿ ಖಾರ ಕುಟ್ಟುವ ಮಷೀನು. ಬ್ಯಾಸಿಗಿ ಬಂತೆಂದರೆ ಹುಡಗಿ, ಘಾಟಬೋರಾಳದಂಥ ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಮೆಣಸಿನಕಾಯಿ ಚೀಲ ಇಟ್ಟುಕೊಂಡು ಸೀನುತ್ತಾ ಪಾಳಿ ಹಚ್ಚುತ್ತಾರೆ. ಮನೆ ನಡೆಯುವುದೇ ಆ ಮಷೀನಿನಿಂದ. ಅದನ್ನು ಮಾರುತ್ತಾನಂತೆ!

ಮಗಳು ಮಹಾದೇವಿ ಫೋನಿನಲ್ಲಿ ಅತ್ತಳು. "ಅವ್ವಾ, ಇವ್ರು ಮೊಬೈಲ್‌ನ್ಯಾಗ ಕ್ರಿಪ್ಟೊ ಅಂತ ಏನೋ ಆಡಾಕತ್ತಾರ. ಅದಕ್ಕ ಹಾಕಾಕ ಮಷೀನ್ ಮಾರ್ತಾರಂತ. ಚಿಟಗುಪ್ಪದಿಂದ ಒಬ್ಬ ಇವತ್ತ ಸಂಜಿಗೆ ಬಯಾನಾ ಅಂತ ಮುಂಗಡ ರೊಕ್ಕ ಕೊಡಾಕ ಬರ್ತಾನ. ನೀ ಬಾ." ನಾನು ಬಸವಕಲ್ಯಾಣದಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಬೈಗಳು ಹೊಂದಿಸಿಕೊಂಡೆ. ನಮ್ಮ ಕಡೆ ಒಂದು ಪೀಡೆ ಇದೆ: ಅಳಿಯನಿಗೆ ಬಯ್ಯುವುದಾದರೂ ತಲೆ ಮೇಲೆ ಸೆರಗು ಹೊದ್ದು, ಮಾತಿಗೆ ‘ರಿ’ ಹಚ್ಚಿ ಬಯ್ಯಬೇಕು. ಕತ್ತೆ ಎಂಬ ಮಾತಿಗೆ ‘ರಿ’ ಹಚ್ಚಿದರೆ ಅದರ ಖಾರವೇ ಹೋಗುತ್ತದೆ. ಬರೆಯುವಾಗ ಆ ಹಂಗಿಲ್ಲ, ಅದಕ್ಕೇ ಇಲ್ಲಿ ಧಾರಾಳವಾಗಿ ‘ಅವನು’ ಎನ್ನುತ್ತಿದ್ದೇನೆ.

ಹೋಗಿ ನೋಡಿದರೆ ಗಿರಣಿ ತಿರುಗುತ್ತಿತ್ತು, ಡಬ್ಬಿ ತುಂಬಿ ಹಿಟ್ಟು ನೆಲಕ್ಕೆ ಚೆಲ್ಲುತ್ತಿತ್ತು, ಅಳಿಯನ ಕಣ್ಣು ಮೊಬೈಲಿನಲ್ಲಿ.

"ಅಳಿಯಂದಿರು ಬುದ್ಧಿ ಎಲ್ಲಿ ಒತ್ತಿ ಇಟ್ಟು ಬಂದೀರಿ?" ಎಂದೆ.

"ಅತ್ತೀ, ಕುಂದರ್ರಿ. ನಾ ಇನ್ನೂ ಒಂದು ಪೈಸಾ ಹಾಕಿಲ್ಲ. ಇದು ಡೆಮೊ ಖಾತೆ. ಕಲಿಯಾಕಂತ ಆ್ಯಪಿನವರೇ ಸುಳ್ಳು ರೊಕ್ಕ ಕೊಡ್ತಾರ. ರೇಟು ಏರ್ತದೋ ಇಳೀತದೋ ಹೇಳೋದಷ್ಟ. ಫ್ಯೂಚರ್ಸ್ ಅಂತಾರ ಇದಕ್ಕ. ಹತ್ತು ರೂಪಾಯಿ ಇಟ್ಟು ನೂರು ರೂಪಾಯಿ ಆಟ ಆಡಬಹುದು."

"ಅಂದಾಜು ತಪ್ಪಿದರ?"

"ಹತ್ತೂ ಹೋಗ್ತಾವ. ಆದ್ರ ನಂದು ತಪ್ಪಾಂಗಿಲ್ರಿ, ನೋಡ್ರಿಲ್ಲೆ, ನಾಕು ಲಕ್ಷ ಆಗ್ಯಾವ! ಗಿರಣಿ ಕಲ್ಲಿಗೆ ಉಳಿ ಹೊಡಿಸಿದ ಮ್ಯಾಲ ಮೊದಲ ಹುಳುಕು ಜೋಳ ಬೀಸಿ ನೋಡಾಂಗಿಲ್ಲೇನ್ರಿ? ಇದೂ ಹಂಗ."

ಸವೆದ ಕಲ್ಲನ್ನು ಉಳಿಯಿಂದ ಕೊರೆಸಿದರೆ ಅದರಲ್ಲಿ ಕಲ್ಲಿನ ಪುಡಿ ಉಳಿಯುತ್ತದೆ. ಹುಳುಕು ಜೋಳ ಬೀಸುವುದು ಆ ಪುಡಿ ಹೋಗಲೆಂದು. ಇದನ್ನು ನನಗೇ ಕಲಿಸಲು ಬಂದ.

"ಹೌದ್ರಿ," ಎಂದೆ. "ಆದರ ಆ ಹಿಟ್ಟು ತಿಪ್ಪಿಗೆ ಸುರೀತಾರ. ನೀವು ಅದರ ರೊಟ್ಟಿ ಬಡದು, ತಿಂದು, ಮ್ಯಾಲ ತೇಗಾಕತ್ತೀರಿ."

ಪಾಳಿಯಲ್ಲಿದ್ದ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಅಳಿಯನಿಗೆ ಅವಮಾನವಾಯಿತು. "ಹಂಗಾರ ನೀವೇ ಒತ್ತಿ ನೋಡ್ರಿ" ಎಂದು ಫೋನು ನನ್ನ ಕೈಗೆ ಕೊಟ್ಟ. ಹಸಿರು ಒತ್ತಿದರೆ ಏರುತ್ತದೆ ಎಂದ ಹಾಗೆ, ಕೆಂಪು ಒತ್ತಿದರೆ ಇಳಿಯುತ್ತದೆ ಎಂದ ಹಾಗೆ. ಇಷ್ಟು ಮೆರೆದದ್ದು ಇಳಿಯದೆ ಎಲ್ಲಿಗೆ ಹೋಗುತ್ತದೆ ಎಂದು ಕೆಂಪು ಒತ್ತಿದೆ. ಅದು ಹಾಳಾದ್ದು, ಇಳಿದೇಬಿಟ್ಟಿತು! ನಾನು ಗೆದ್ದೆನಂತೆ. "ಮುದುಕಿ ಕೈಗುಣ ನೋಡ್ರೆವ್ವಾ" ಎಂದು ಪಾಳಿ ಹೊಗಳಿತು. ಅಳಿಯ ಕುಣಿದ. "ಮಷೀನ್ ರೊಕ್ಕ ಬರ್ಲಿ, ಖರೇ ಖಾತೆದಾಗೂ ನೀವೇ ಒತ್ತಬೇಕ್ರಿ ಅತ್ತೀ!" ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನು ನುಂಗುವ ಹಾಗೆ ನೋಡಿದಳು. "ನಿನ್ನ ಕರಸಿದ್ದು ಇದಕ್ಕೇನವ್ವಾ?"

ಇನ್ನು ಸೋತು ತೋರಿಸಬೇಕು, ಬೇರೆ ದಾರಿ ಇಲ್ಲ. "ಇದ್ದ ಲಕ್ಷ ಎಲ್ಲಾ ಒಂದೇ ಸಲ ಸುರೀರಿ" ಎಂದು ಈ ಸಲ ಹಸಿರು ಒತ್ತಿದೆ. ಅದು ಏರಿತು. ಬಿಡದೆ ಏರಿತು. ಐದು ಲಕ್ಷ, ಆರು ಲಕ್ಷ. ಅಳಿಯ ಬೆವರುತ್ತಾ, "ಸಾಕ್ರಿ ಅತ್ತೀ, ತೆಗದುಬಿಡ್ರಿ" ಎಂದ. "ತಡೀರಿ, ಏರಾಕತ್ತದ" ಎಂದೆ. ನಾನು ಬಂದದ್ದು ಸೋಲುವುದಕ್ಕೆ ಎನ್ನುವುದು ಎಲ್ಲಿ ಹೋಯಿತೋ ಶಿವನೇ ಬಲ್ಲ. ಕಣ್ಣು ಮಿಟುಕಿಸುವುದರಲ್ಲಿ ಅದು ಬಾವಿಗೆ ಬಿದ್ದ ಕೊಡದ ಹಾಗೆ ಬಿತ್ತು. ಖಾತೆಯಲ್ಲಿ ಸೊನ್ನೆ.

"ಯಾವ ಕಳ್ಳ ಅವಾ? ನನ್ನ ರೊಕ್ಕ ಎಲ್ಲಿ ಹೋತು?"

"ಅತ್ತೀ, ಅದು ಸುಳ್ಳು ರೊಕ್ಕಾರಿ..."

"ಸುಳ್ಳೋ ಖರೇನೋ, ನಂದು! ಇನ್ನೊಮ್ಮೆ ಹಾಕೋ ಮಂಗ್ಯಾ!"

ಸೆರಗು ಯಾವಾಗಲೋ ಹೆಗಲಿಗೆ ಜಾರಿತ್ತು. ಅಳಿಯ ನನ್ನ ಮುಖವನ್ನೇ ನೋಡಿದ. ಮಷೀನಿನ ರೊಕ್ಕ ಕಳೆದುಕೊಂಡ ಮರುದಿನ ಕನ್ನಡಿಯಲ್ಲಿ ತಾನು ಕಾಣಲಿದ್ದ ಮುಖ ಅಲ್ಲಿ ಕಂಡಿತೋ ಏನೋ, ಮೆಲ್ಲಗೆ ಫೋನು ಕಿತ್ತುಕೊಂಡು ಆರಿಸಿ ಜೇಬಿಗೆ ಹಾಕಿದ. ಸಂಜೆಗೆ ಚಿಟಗುಪ್ಪದವನು ಬಂದಾಗ, "ಮಷೀನ್ ಕೊಡಾಂಗಿಲ್ರಿ. ಮನ್ಯಾಗ ಹಿರಿಯರ ತಬಿಯತ್ ಸರಿ ಇಲ್ಲ" ಎಂದು ಹೇಳಿ ಕಳಿಸಿದ. ಬಂದವನು ನನ್ನತ್ತ ನೋಡಿ ಕೈಮುಗಿದು ಹೋದ.

ಮಗಳು ಚಹಾ ಕೊಡುತ್ತಾ ಕಣ್ಣೊರೆಸಿಕೊಂಡು ನಕ್ಕಳು. "ಏನ್ ನಾಟಕ ಮಾಡಿದೆವ್ವಾ! ನಾನೂ ಖರೇನ ಅನ್ಕೊಂಡಿದ್ದೆ." ನಾನು ಗಂಭೀರವಾಗಿ ಹೂಂ ಎಂದೆ. ಕಲ್ಯಾಣದ ನಮ್ಮ ಓಣಿಯಲ್ಲೂ ಹಾಗೆಯೇ ಹೇಳಿಕೊಂಡಿದ್ದೇನೆ. ನಿಮಗೊಬ್ಬರಿಗೇ ಹೇಳುತ್ತೇನೆ: ಅವನು ಫೋನು ಕಿತ್ತುಕೊಂಡಾಗ ನನ್ನ ಎಡಗೈ ಸೊಂಟದ ರೊಕ್ಕದ ಸಂಚಿಯ ದಾರ ಬಿಚ್ಚಿಯಾಗಿತ್ತು. ಆ ಮೂರ್ಖ ಇನ್ನೊಂದು ಅರ್ಧ ತಾಸು ತಾಳಿದ್ದರೆ, ಅಷ್ಟೂ ವಾಪಸ್ ಗಳಿಸುತ್ತಿದ್ದೆ.