ಒಂದು ಸಮ ಚಿಹ್ನೆಯನ್ನು ಸೇರಿಸುವ ಬಗ್ಗೆ ಪಾಲಿಸಬೇಕಾದ ಕ್ರಮಗಳು

ದೋಷ ನಿವಾರಣೆ ಹಾಗೂ ಕೋಡ್ ಪುನರ್ರಚನೆ ವಿಭಾಗ
ಸಂಖ್ಯೆ: ದೋನಿ/ಕೋಪು/೪೧೨/ತಿದ್ದಿದ್ದು/ಮರುತಿದ್ದಿದ್ದು

ವಿಷಯ: ಡೇಟಾಬೇಸ್‌ನ ಹುಡುಕಾಟ ದೋಷವನ್ನು ಸರಿಪಡಿಸುವ ಬಗ್ಗೆ.

ಉಲ್ಲೇಖ: ೧. ಗ್ರಂಥಪಾಲಕಿಯೊಬ್ಬರ ದೂರು.
೨. ಅವರದೇ ಜ್ಞಾಪನೆಗಳು, ಹದಿನೇಳು. ಕೊನೆಯದರಲ್ಲಿ 'ದಯವಿಟ್ಟು' ಎಂಬ ಪದ ಕಂಡುಬಂದಿಲ್ಲ.

ಯಾರು ಬೇಕಾದರೂ ನೋಡಬಹುದಾದ, ಯಾರು ಬೇಕಾದರೂ ತಿದ್ದಬಹುದಾದ, ಆದ್ದರಿಂದಲೇ ಇನ್ನೊಬ್ಬರು ತಿದ್ದುತ್ತಾರೆಂದು ಎಲ್ಲರೂ ನಂಬಿರುವ ನಮ್ಮ ಓಪನ್ ಸೋರ್ಸ್ ಡೇಟಾಬೇಸ್‌ನಲ್ಲಿ, ಹುಡುಕಾಟವು ಪಟ್ಟಿಯ ಕೊನೆಯ ಹೆಸರಿಗೆ ಒಂದು ಹೆಜ್ಜೆ ಮುಂಚೆಯೇ ನಿಲ್ಲುತ್ತಿರುವುದು ಗಮನಕ್ಕೆ ಬಂದಿದೆ. ಇದರಿಂದಾಗಿ, ಸದರಿ ಡೇಟಾಬೇಸ್ ಬಳಸುತ್ತಿರುವ ಗ್ರಂಥಪಾಲಕಿಯವರ ಗ್ರಂಥಾಲಯದಲ್ಲಿ ಅಕ್ಷರಾನುಕ್ರಮದಂತೆ ಕೊನೆಯ ಸದಸ್ಯರಾದ ನಿವೃತ್ತ ದರ್ಜಿಯೊಬ್ಬರು ಸದಸ್ಯರೇ ಅಲ್ಲವೆಂದು ಕಂಪ್ಯೂಟರ್ ಎರಡು ವರ್ಷಗಳಿಂದ ಹಟ ಹಿಡಿದಿದೆ. ಕಂಪ್ಯೂಟರ್ ಒಪ್ಪದೆ ಪುಸ್ತಕ ಕೊಡುವಂತಿಲ್ಲ. ದರ್ಜಿಯವರು ಮೇಜಿನ ಮುಂದೆ ನಿಂತು, "ನಾನೇ ಇಲ್ಲ ಅಂತೀಯಲ್ಲಮ್ಮ, ಹಂಗಾದ್ರೆ ಈ ಮಂಡಿನೋವು ಯಾರದು?" ಎಂದು ಕೇಳಿರುವುದು ದೂರಿನಲ್ಲಿ ದಾಖಲಾಗಿದೆ. ಮಂಡಿನೋವನ್ನು ಗುರುತಿನ ಪುರಾವೆಯಾಗಿ ಪರಿಗಣಿಸಲು ಅವಕಾಶವಿರುವುದಿಲ್ಲ. ಅವರು ಓದುತ್ತಿದ್ದ ಪತ್ತೇದಾರಿ ಕಾದಂಬರಿಯ ಎರಡನೇ ಭಾಗ ಎದುರಿನ ಕಪಾಟಿನಲ್ಲೇ ಇದ್ದು, ಕೊಲೆಗಾರ ಯಾರೆಂದು ತಿಳಿಯದೆ ಅವರ ಊಟ ನಿದ್ದೆ ಕೆಟ್ಟಿದೆ.

ಗ್ರಂಥಪಾಲಕಿಯವರು ತಾವೇ ಕೋಡ್ ಓದಲು ಕಲಿತು, 'ಕಡಿಮೆ' ಚಿಹ್ನೆಯ (<) ಪಕ್ಕ ಒಂದು ಸಮ ಚಿಹ್ನೆ (=) ಸೇರಿಸಿದರೆ ಹುಡುಕಾಟ ಕೊನೆಯ ಹೆಸರನ್ನೂ ಮುಟ್ಟುತ್ತದೆಂದು ಕಂಡುಹಿಡಿದು, ಕಳುಹಿಸಿಕೊಟ್ಟಿದ್ದರು. ಹೇಗೂ ಕೈ ಹಾಕಿದ್ದೇವೆ, ಸ್ವಲ್ಪ ಅಚ್ಚುಕಟ್ಟು ಮಾಡಿಬಿಡೋಣವೆಂದು ಪರಿಶೀಲಕರು ಹೊರಟು, ಹದಿನಾಲ್ಕು ತಿಂಗಳಲ್ಲಿ ಆರುನೂರ ಹನ್ನೆರಡು ಕಡತಗಳನ್ನು ಪುನರ್ರಚಿಸಿರುತ್ತಾರೆ. ಈ ಗಡಿಬಿಡಿಯಲ್ಲಿ ಸಮ ಚಿಹ್ನೆಯು ಬಿಟ್ಟುಹೋಗಿದೆ. ವಿಭಾಗವು ಗುಡ್ಡ ಅಗೆದು ಇಲಿ ಹಿಡಿಯಿತೆಂಬ ಟೀಕೆ ಸತ್ಯಕ್ಕೆ ದೂರವಾದುದು. ಇಲಿ ಸಿಕ್ಕಿಲ್ಲ.

ಆದ್ದರಿಂದ ಈ ಕೆಳಕಂಡಂತೆ ನಡೆದುಕೊಳ್ಳಲು ಎಲ್ಲರಿಗೂ ತಾಕೀತು ಮಾಡಲಾಗಿದೆ:

೧. ದೋಷ ಕಂಡವರು, ಅದು ಕಾಣದವರಿಂದ ಒಪ್ಪಿಗೆ ಪಡೆಯತಕ್ಕದ್ದು.

೨. ಹತ್ತು ವರ್ಷ ಸೇವೆ ಪೂರೈಸಿದ ದೋಷಗಳನ್ನು ಏಕಾಏಕಿ ತೆಗೆಯತಕ್ಕದ್ದಲ್ಲ. ಅವುಗಳಿಗೆ ಒಂದು ತಿಂಗಳ ನೋಟಿಸ್ ನೀಡಿ, ಅವುಗಳನ್ನೇ ನಂಬಿಕೊಂಡಿರುವ ಚಿಕ್ಕಪುಟ್ಟ ದೋಷಗಳಿಗೆ ಬೇರೆಡೆ ವ್ಯವಸ್ಥೆ ಮಾಡತಕ್ಕದ್ದು.

೩. "ಮುಟ್ಟಬೇಡಿ, ಯಾಕೆ ಅಂತ ನನಗೂ ಗೊತ್ತಿಲ್ಲ" ಎಂಬ ಟಿಪ್ಪಣಿಯಿರುವ ಸಾಲಿನ ಆಸುಪಾಸಿನಲ್ಲಿ ಕೀಲಿಮಣೆಯನ್ನು ಮೆಲ್ಲಗೆ ಒತ್ತತಕ್ಕದ್ದು. ಸೀನು ಬಂದವರು ಎದ್ದು ಹೊರಗೆ ಹೋಗತಕ್ಕದ್ದು.

೪. ಈ ನಡುವೆ ಸದರಿ ಗ್ರಂಥಪಾಲಕಿಯವರು ಯಾರನ್ನೂ ಕೇಳದೆ, ತಮ್ಮ ಸದಸ್ಯರ ಪಟ್ಟಿಗೆ 'ಳಳಳ' ಎಂಬ, ಎಲ್ಲಿಯೂ ಇಲ್ಲದ ವ್ಯಕ್ತಿಯೊಬ್ಬರನ್ನು ಸೇರಿಸಿರುತ್ತಾರೆ. ಅಕ್ಷರಾನುಕ್ರಮದಂತೆ ಳಳಳ ಅವರೇ ಕೊನೆಯವರಾದ್ದರಿಂದ ಕಂಪ್ಯೂಟರ್‌ಗೆ ಅವರು ಕಾಣುತ್ತಿಲ್ಲ; ದರ್ಜಿಯವರು ಕಾಣುತ್ತಿದ್ದಾರೆ. ದರ್ಜಿಯವರು ಎರಡನೇ ಭಾಗವನ್ನು ಎದೆಗವಚಿಕೊಂಡು ಮನೆಗೆ ತೆರಳಿರುವುದಾಗಿ ವರದಿಯಾಗಿದೆ. ಇದರಿಂದ ವಿಭಾಗಕ್ಕೆ ಸಂತೋಷವಾಗಿದೆ. ಸಂತೋಷಪಡಲು ನಿಯಮಗಳಲ್ಲಿ ಅವಕಾಶವಿದೆಯೇ ಎಂದು ಪರಿಶೀಲಿಸಲಾಗುತ್ತಿದೆ.

೫. ಸುದ್ದಿ ಹಬ್ಬಿ, ಮುನ್ನೂರು ಗ್ರಂಥಾಲಯಗಳು ಳಳಳ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿವೆ. ಈಗ ದೋಷ ಸರಿಪಡಿಸಿದರೆ, ಇಲ್ಲದ ಒಬ್ಬರು ಮುನ್ನೂರು ಕಡೆ ಒಮ್ಮೆಲೇ ಪ್ರತ್ಯಕ್ಷರಾಗುವ ಅಪಾಯವಿದೆ. ಆದ್ದರಿಂದ ಸದರಿ ದೋಷವನ್ನು ಇಂದಿನಿಂದ ಜಾರಿಗೆ ಬರುವಂತೆ 'ಸೌಲಭ್ಯ' ಎಂದು ಪರಿಗಣಿಸತಕ್ಕದ್ದು.

(ಸಹಿ ಇದೆ)
ಮುಖ್ಯ ಪರಿಶೀಲಕರು
(ಸಹಿಯನ್ನು ಅಚ್ಚುಕಟ್ಟು ಮಾಡಲು ಸಮಿತಿ ರಚಿಸಲಾಗಿದೆ)

ಪ್ರತಿಗಳು:
೧. ಎಲ್ಲ ಪರಿಶೀಲಕರಿಗೆ, ಓದದೆ ಒಪ್ಪಿಗೆ ನೀಡುವ ಸಲುವಾಗಿ.
೨. ಗ್ರಂಥಪಾಲಕಿಯವರಿಗೆ, ಹದಿನೆಂಟನೇ ಜ್ಞಾಪನೆ ಬರೆಯಬಾರದೆಂಬ ಕೋರಿಕೆಯೊಂದಿಗೆ.
೩. ಶ್ರೀ/ಶ್ರೀಮತಿ ಳಳಳ ಅವರಿಗೆ, ವಿಳಾಸ ದೊರೆತ ಕೂಡಲೇ.
೪. ದರ್ಜಿಯವರಿಗೆ, ಓದಿಗೆ ಅಡ್ಡಿಯಾಗದಂತೆ ಬಾಗಿಲ ಸಂದಿಯಲ್ಲಿ ತೂರಿಸುವುದು. ಕೊಲೆಗಾರ ಯಾರೆಂದು ಮರುಟಪಾಲಿನಲ್ಲಿ ವಿಭಾಗಕ್ಕೆ ತಿಳಿಸಲು ಕೋರಿದೆ. ಇಲ್ಲಿ ಯಾರಿಗೂ ಕೆಲಸ ಮಾಡಲಾಗುತ್ತಿಲ್ಲ.