ಮಂಗಕ್ಕೆ ಉಳಿದ ಸಕ್ಕರೆ, ನನಗೆ ಸಿಕ್ಕ ಎಂಜಲು

ಅರಸೀಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಬೋರ್ಡಿನ ಮುಂದೆ ನಿಂತಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ವಿಜ್ಞಾನ ಹಿಡಿದುಕೊಂಡು ಬಸ್ಸು ಹತ್ತಿದೆನೋ, ಮಾನ ಉಳಿಸಿಕೊಂಡು ಮನೆಗೆ ಬಂದದ್ದೇ ಇಲ್ಲ.

ಈ ಸಲ ಬಸ್ಸು ಹತ್ತಿಸಿದವರು ಸಂಶೋಧನೆ ಮಾಡುವ ನನ್ನ ಹಳೆಯ ಗುರುಗಳು. ನಮ್ಮ ಮೈಯ ಪ್ರೋಟೀನುಗಳಿಗೆ ಸಕ್ಕರೆಯ ಸಣ್ಣ ಸರಪಳಿಗಳು ಅಂಟಿಕೊಂಡಿರುತ್ತವೆ. ಅವುಗಳ ತುದಿಗೆ ಕೂರುವ ಒಂದು ಬಗೆಯ ಸಕ್ಕರೆಯನ್ನು ಮಂಗ, ಹಸು, ಕುರಿ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ ಮಾತ್ರ ವಿಕಾಸದ ದಾರಿಯಲ್ಲೆಲ್ಲೋ ಆ ವಿದ್ಯೆ ಕಳೆದುಕೊಂಡ. ಈಗ ನಮ್ಮಲ್ಲಿ ಅದು ಚೂರುಪಾರು ಸಿಕ್ಕರೆ, ತಿಂದದ್ದರಿಂದ ಬಂದದ್ದು. ಅದನ್ನು ನೋಡಲು ಗುರುಗಳಿಗೆ ಒಂದೇ ಮನೆಯ ಮೂರು ತಲೆಮಾರಿನ ಎಂಜಲು ಬೇಕಿತ್ತು. ತಂದುಕೊಟ್ಟರೆ ಅವರ ಪ್ರಬಂಧದಲ್ಲಿ ನನ್ನ ಹೆಸರು. ಇಷ್ಟು ವರ್ಷ ಸೀಮೆಸುಣ್ಣದ ಪುಡಿ ಕುಡಿದವಳಿಗೆ ಆ ಆಸೆ ಇರಬಾರದೆ? ಬೇಕಾದಷ್ಟಿತ್ತು.

ಜಾವಗಲ್ಲಿನ ಕಾನೂನು

ಮೊದಲು ಹೋದದ್ದು ಜಾವಗಲ್ಲಿನ ಒಬ್ಬ ನಿವೃತ್ತ ಗ್ರಾಮಲೆಕ್ಕಿಗರ ಮನೆಗೆ. ಎಲ್ಲ ಕೇಳಿಸಿಕೊಂಡು, "ಆ ಸಕ್ಕರೆ ಕಳಕೊಂಡು ಎಷ್ಟು ವರ್ಷ ಆಯ್ತು?" ಎಂದರು.

"ಲಕ್ಷಗಟ್ಟಲೆ ಆಗಿದೆ ಸಾರ್."

"ಯಾರೂ ತಕರಾರು ಅರ್ಜಿ ಹಾಕ್ಲಿಲ್ವಾ?"

"ಇಲ್ಲ."

"ಈಗ ಯಾರ ಅನುಭವದಲ್ಲೈತೆ?"

"ಮಂಗಗಳ ಹತ್ರ ಇದೆ ಸಾರ್."

ಕನ್ನಡಕ ತೆಗೆದಿಟ್ಟರು. "ಹನ್ನೆರಡು ವರ್ಷ ದಾಟಿದ್ರೆ ಸ್ವತ್ತು ಅನುಭವದಾರಂದೇ ಕಣ್ರೀ. ಮಂಗನ ಮೇಲೆ ಕೇಸು ನಿಲ್ಲಲ್ಲ." ನಾನು ಒಪ್ಪಿಗೆ ಪತ್ರ ಮುಂದಿಟ್ಟೆ. ಬಿದ್ದುಹೋದ ದಾವೆಗೆ ತಾನು ಸಹಿ ಹಾಕುವವನಲ್ಲ ಎಂದು ಕಾಫಿ ಕುಡಿಸಿ ಕಳಿಸಿದರು.

ಹಗರೆಯ ಪದ್ಧತಿ

ಹಗರೆಯಲ್ಲಿ ಹಸು ಸಾಕಿದ್ದ ಒಂದು ಮನೆಯವರು ಖುಷಿಯಿಂದಲೇ ಒಪ್ಪಿದರು. ಆರು ಜನಕ್ಕೆ ಆರು ಟ್ಯೂಬು ಕೊಟ್ಟು, ಬೆಳಿಗ್ಗೆ ಎದ್ದ ತಕ್ಷಣ ಉಗಿದಿಡಿ ಎಂದು ಹೇಳಿ ಬಂದೆ. ಮರುದಿನ ಯಜಮಾನರು ತುಂಬಿದ ಒಂದು ಟ್ಯೂಬನ್ನೂ, ತೊಳೆದು ಒಣಗಿಸಿದ ಐದು ಖಾಲಿ ಟ್ಯೂಬುಗಳನ್ನೂ ಕೈಗಿಟ್ಟರು.

"ಉಳಿದವರದ್ದು?"

"ಎಲ್ಲಾರ್ದೂ ಅದ್ರಲ್ಲೇ ಐತೆ ಕಣವ್ವ. ಡೈರಿಗೂ ಹಂಗೇ ತಾನೇ? ಮೂರು ಹಸೀಂದು ಒಂದೇ ಕ್ಯಾನು."

ನಾನು ಅಳುವುದೊಂದು ಬಾಕಿ. ನನ್ನ ಮುಖ ನೋಡಿ ಅವರಿಗೆ ಬೇರೆಯೇ ಅನುಮಾನ ಬಂತು.

"ಒಂದ್ ತೊಟ್ಟೂ ನೀರು ಬೆರೆಸಿಲ್ಲ. ಬೇಕಾದ್ರೆ ಲ್ಯಾಕ್ಟೋಮೀಟರ್ ಬಿಟ್ಟು ನೋಡ್ಕಳಿ!"

ಬೇಲೂರಿನ ಹಾಲು

ಉಳಿದದ್ದು ಒಂದೇ ಮನೆ. ಬೇಲೂರಿನಲ್ಲಿ, ತಲೆತಲಾಂತರದಿಂದ ದೇವಸ್ಥಾನದ ಸೇವೆ ಮಾಡಿಕೊಂಡು ಬಂದವರು. ಅಜ್ಜಿ, ಕಚೇರಿಯಲ್ಲಿ ಗುಮಾಸ್ತನಾದ ಮಗ, ನನ್ನ ವಿದ್ಯಾರ್ಥಿನಿಯಾದ ಮೊಮ್ಮಗಳು. ಇಲ್ಲಿ ತಪ್ಪಿದರೆ ನನ್ನ ಹೆಸರಿನ ಆಸೆಗೆ ಎಳ್ಳುನೀರು.

ಮೊಮ್ಮಗಳು ತಕ್ಷಣ ಕೊಟ್ಟಳು. ಮಗ ಟ್ಯೂಬು ಹಿಡಿದು, "ಇದರಲ್ಲಿ ಏನು ಗೊತ್ತಾಗುತ್ತೆ?" ಎಂದ.

"ಕುರಿ ಮಾಂಸ ತಿಂದಿದ್ರೆ ಆ ಸಕ್ಕರೆ ಚೂರು ಸಿಗಬಹುದು."

ಅವನು ದೇವರ ಮನೆಯ ಕಡೆ ನೋಡಿ ದನಿ ತಗ್ಗಿಸಿದ. "ತಿಂದು ಎಷ್ಟು ದಿನದ ತನಕ ಸಿಗುತ್ತೆ ಮೇಡಂ?"

ಅಷ್ಟರಲ್ಲಿ ಅಜ್ಜಿ, "ಎಂಜಲು ಹಂಚೋ ಪದ್ಧತಿ ನಮ್ಮನೇಲಿಲ್ಲಮ್ಮ" ಎಂದು ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

"ಅಮ್ಮ ಹೇಳಿದ ಮೇಲೆ ಮುಗೀತು" ಎಂದು ಮಗ ಟ್ಯೂಬು ಕೆಳಗಿಟ್ಟ. ಮಾತೃಭಕ್ತಿ ಅಷ್ಟು ಬೇಗ ಉಕ್ಕಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಕೊನೆಗೆ, ಇದ್ದ ನಿಜವನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ಹಸುವಿನ ಹಾಲಲ್ಲೂ ಅದು ಸ್ವಲ್ಪ ಇರುತ್ತೆ. ಸಿಕ್ಕಿದ್ರೂ ಹಾಲಿನದೋ ಮಾಂಸದ್ದೋ ಹೇಳಕ್ಕಾಗಲ್ಲ."

ಮಾತು ಮುಗಿಯುವುದರೊಳಗೆ ಮಗನ ಟ್ಯೂಬು ತುಂಬಿತ್ತು. ಅಡುಗೆಮನೆಯ ಬಾಗಿಲೂ ತೆರೆಯಿತು. ಅಜ್ಜಿ ಬಂದು ಕೂತು ಕೈ ಚಾಚಿದರು.

"ನಂಗೂ ಒಂದು ಕೊಡಮ್ಮ. ಇದನ್ನ ಮೊದಲೇ ಹೇಳಬಾರದಿತ್ತಾ?"

ಮಗ ಬಾಯಿ ಬಿಟ್ಟುಕೊಂಡು ತಾಯಿಯನ್ನೇ ನೋಡಿದ. ಅವರು ಸಾವಧಾನವಾಗಿ ಟ್ಯೂಬು ತುಂಬಿಸಿ, ಮುಚ್ಚಳ ಹಾಕಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ಯಾರೂ ಏನೂ ಕೇಳಿರಲಿಲ್ಲ.

"ನಂದು ಬರೀ ಹಾಲು ಕಣೋ" ಎಂದರು.